ಮೇಷ್ಟ್ರ ಸ್ವರಗಳನ್ನು ನಾನು ತಿದ್ದಿದ್ದು

ನಾಟಕದ ಮೇಷ್ಟ್ರ ಮಗಳು ಬಟ್ಟೆಯ ಚೀಲದಿಂದ ಏಳು ಉದ್ದನೆಯ ರಟ್ಟಿನ ಪುಸ್ತಕಗಳನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಮೊದಲನೆಯದನ್ನು ತೆರೆದು ಎರಡು ಪುಟ ತಿರುವುವಷ್ಟರಲ್ಲಿ ನನ್ನ ಕಣ್ಣಿಗೆ ಮೂರು ತಪ್ಪು ಬಿದ್ದವು. ಸುಮ್ಮನಿರಲಾರದೆ ಆಕೆಗೆ ಆಗಲೇ ತೋರಿಸಿಯೂ ಬಿಟ್ಟೆ. ಈ ರಾಗಕ್ಕೆ ಈ ನಿಷಾದ ಬರುವಂತಿಲ್ಲ, ಇಲ್ಲಿ ತಾಳಕ್ಕೆ ಒಂದು ಎಣಿಕೆ ಜಾಸ್ತಿಯಾಗಿದೆ, ಇಲ್ಲಿ ಬರೆದು ಆಮೇಲೆ ಹೊಡೆದು ಹಾಕಿದ್ದಾರೆ ಎಂದೆ. ಆಕೆ ಪುಸ್ತಕದ ಕಡೆ ನೋಡಲಿಲ್ಲ.

"ಅಪ್ಪ ಯಾರ ಹತ್ರಾನೂ ಕೂತು ಶಾಸ್ತ್ರ ಕಲಿತೋರಲ್ಲ ಸರ್. ನೀವೇ ನೋಡಿ ಸರಿ ಮಾಡಿ" ಎಂದರು.

ಸರಿ ಮಾಡಿ ಎಂದ ಆ ಮಾತನ್ನು ನಾನು ಅಪ್ಪಣೆಯೆಂದೇ ತೆಗೆದುಕೊಂಡೆ.

ಅರಸೀಕೆರೆಯಲ್ಲಿ ನನ್ನದೊಂದು ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ತಿಥಿ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ ದಿನದ ಕೆಲಸ. ಪಿಟೀಲು ಸೀನಿಯರ್ ಪರೀಕ್ಷೆ ಪಾಸು ಮಾಡಿದ್ದರಿಂದ ಸುತ್ತಲಿನ ಸಂಗೀತ ಶಿಕ್ಷಕರಿಗೆ ಸ್ವರಲಿಪಿಯನ್ನೂ ಟೈಪು ಮಾಡಿಕೊಡುತ್ತಿದ್ದೆ. ಆ ಹೆಸರು ಕೇಳಿ, ಹಳೆಯ ನಾಟಕದ ಹಾಡುಗಳನ್ನು ಕೂಡಿಡುವ ಒಂದು ಸಂಸ್ಥೆ ನನಗೆ ಕೆಲಸ ಕಳಿಸಿತು. ಕೈಬರಹದ ಸ್ವರಗಳನ್ನು ಕಂಪ್ಯೂಟರ್ ಓದಬಲ್ಲ ಪಠ್ಯವಾಗಿ ಬರೆದುಕೊಡಬೇಕು. ಪುಟದ ಫೋಟೋ ತೆಗೆದಿಟ್ಟರೆ ಅದು ಚಿತ್ರ ಅಷ್ಟೆ. ಅದನ್ನೇ ಅಕ್ಷರಗಳಲ್ಲಿ ಬರೆದರೆ ಯಂತ್ರ ಒಂದು ಮಟ್ಟನ್ನು, ಎಂದರೆ ಹಾಡಿನ ಧಾಟಿಯನ್ನು, ಹುಡುಕಬಲ್ಲದು, ಶ್ರುತಿ ಏರಿಸಿ ಇಳಿಸಬಲ್ಲದು, ನುಡಿಸಿ ಕೇಳಿಸಬಲ್ಲದು.

ಮೇಷ್ಟ್ರು ಸುಮಾರು ನಲವತ್ತು ವರ್ಷ ನಮ್ಮ ಸೀಮೆಯ ಊರೂರು ತಿರುಗಿ ಹಾರ್ಮೋನಿಯಂ ಹಿಡಿದು ನಾಟಕ ಕಲಿಸಿದವರು. ಹೊಲ ತೋಟದ ಕೆಲಸ ಮುಗಿಸಿ ಬಂದ ಗಂಡಸರನ್ನು ಕೂರಿಸಿಕೊಂಡು ರಾಜ, ಮಂತ್ರಿ, ಸೇನಾಪತಿ ಮಾಡುತ್ತಿದ್ದರು. ಮಟ್ಟುಗಳೆಲ್ಲ ಅವರೇ ಕಟ್ಟಿದ್ದು. ಈಗ ಕೈ ನಡುಗುತ್ತಿದ್ದುದರಿಂದ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಹಾರ್ಮೋನಿಯಂಗೆ ನಾಟಕದವರು ಪೆಟ್ಟಿಗೆ ಎಂದೇ ಅನ್ನುವುದು. ಮಗಳು ಬೇಲೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ತಂದೆ ಮಗಳು ಇಬ್ಬರೂ ಇದ್ದದ್ದು ಮಾದಿಹಳ್ಳಿಯಲ್ಲಿ. ಆ ಊರಿನವರು ಮೇಷ್ಟ್ರ ಒಂದು ನಾಟಕವನ್ನು ಅವರು ಕಣ್ಣೆದುರಿಗೆ ಇರುವಾಗಲೇ ಮತ್ತೊಮ್ಮೆ ಆಡಬೇಕೆಂದು ಹೊರಟಿದ್ದರು. ಬೇಲೂರಿನಿಂದ ಬರುತ್ತಿದ್ದ ಕೀಬೋರ್ಡಿನವರಿಗೆ ಕಾಗದದ ಮೇಲೆ ಸ್ವರ ಬೇಕು. ಹಾಗಾಗಿ ನಾನು ಬರೆಯುವುದು ಸಂಸ್ಥೆಗೂ ಹೋಗಬೇಕು, ನಾಟಕಕ್ಕೂ ಆಗಬೇಕು.

ಮೊದಲ ಎರಡು ವಾರ ತಾಂತ್ರಿಕ ತೊಡಕುಗಳಲ್ಲೇ ಹೋಯಿತು. ಸ್ವರಗಳನ್ನು ಕನ್ನಡದಲ್ಲೇ ಟೈಪು ಮಾಡಿದರೆ ತಾಳದ ಲೆಕ್ಕ ತಪ್ಪುತ್ತಿತ್ತು. ಸ, ಗ, ಮ, ಪ, ದ ಒಂದೊಂದೇ ಅಕ್ಷರ. ಆದರೆ ರಿ ಎನ್ನುವುದು ನಮಗೆ ಒಂದಾದರೂ ಯಂತ್ರಕ್ಕೆ ಎರಡು. ರ ಒಂದು, ಅದರ ಮೇಲಿನ ಗುಡಿಸು ಇನ್ನೊಂದು. ನಿ ಕೂಡ ಹಾಗೆಯೇ. ರಿ, ನಿ ಹೆಚ್ಚಿರುವ ಸಾಲಿನಲ್ಲಿ ಎಂಟು ಎಣಿಕೆಯ ತಾಳ ಹನ್ನೊಂದು ಹನ್ನೆರಡಾಗುತ್ತಿತ್ತು. ಕೊನೆಗೆ ಸ್ವರಕ್ಕೆಲ್ಲ ಇಂಗ್ಲಿಷಿನ ಸಣ್ಣಕ್ಷರ ಬಳಸಿದೆ. ಸಾಹಿತ್ಯ ಮಾತ್ರ ಅದರ ಕೆಳಗಿನ ಸಾಲಿನಲ್ಲಿ ಕನ್ನಡದಲ್ಲಿ ಉಳಿಯಿತು.

ಇನ್ನೊಂದು ತೊಡಕು ಅಲ್ಪವಿರಾಮದ್ದು. ನಮ್ಮ ಬರವಣಿಗೆಯಲ್ಲಿ ಸ್ವರದ ಪಕ್ಕ ಅಲ್ಪವಿರಾಮ ಹಾಕಿದರೆ ಅದನ್ನು ಇನ್ನೊಂದು ಎಣಿಕೆ ಹಿಡಿದು ನಿಲ್ಲಿಸಬೇಕು ಎಂದರ್ಥ. ಸಂಸ್ಥೆ ಕಳಿಸಿದ ಪದ್ಧತಿಯಲ್ಲಿ ಅದೇ ಗುರುತಿಗೆ ಕೆಳಗಿನ ಸ್ಥಾಯಿ ಎಂದರ್ಥ. ನಾನು ಗಮನಿಸದೆ ಬರೆದು ನುಡಿಸಿ ನೋಡಿದಾಗ, ಹಾಡು ಎಲ್ಲೆಲ್ಲಿ ನಿಲ್ಲಬೇಕಿತ್ತೋ ಅಲ್ಲೆಲ್ಲ ಬಾವಿಗೆ ಬಿದ್ದಂತೆ ಕೆಳಗಿಳಿಯಿತು. ನಿಲುವಿಗೆಲ್ಲ ಸಣ್ಣ ಅಡ್ಡಗೆರೆ ಹಾಕಿ ಸರಿಪಡಿಸಿದೆ.

ಇವನ್ನೆಲ್ಲ ಬಿಡಿಸಿದ ಉಮೇದಿನಲ್ಲಿ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ಹಾಡಿನ ರಾಗ ಯಾವುದು, ತಾಳ ಯಾವುದು ಎಂದು ಹೇಳಿಬಿಟ್ಟರೆ, ರಾಗಕ್ಕೆ ಸೇರದ ಸ್ವರವಿರುವ ಸಾಲನ್ನೂ ಎಣಿಕೆ ಕೂಡದ ಸಾಲನ್ನೂ ಅದು ಕೆಂಪಾಗಿ ತೋರಿಸುತ್ತಿತ್ತು. ಶಿಕ್ಷಕರೊಬ್ಬರ ಅಚ್ಚುಕಟ್ಟಾದ ಪುಸ್ತಕ ಹಾಕಿದಾಗ ಒಂದೆರಡು ಸಾಲು ಕೆಂಪಾಯಿತು, ಅವು ನನ್ನದೇ ಟೈಪಿಂಗ್ ತಪ್ಪು. ಮೇಷ್ಟ್ರ ಪುಸ್ತಕ ಹಾಕಿದರೆ ಪರದೆಯೆಲ್ಲ ಕೆಂಪು.

ಅದೂ ಅಲ್ಲದೆ ಒಂದೇ ಹಾಡು ಬೇರೆ ಬೇರೆ ಪುಸ್ತಕಗಳಲ್ಲಿ ನಾಲ್ಕೈದು ಸಲ ಬರುತ್ತಿತ್ತು, ಪ್ರತಿ ಸಲವೂ ಸ್ವರ ಬೇರೆ. ಸೇನಾಪತಿ ರಂಗಕ್ಕೆ ಬರುವಾಗಿನ ಹಾಡಂತೂ ಆರು ಬಗೆಯಲ್ಲಿತ್ತು. ಪ್ರತಿಯೊಂದರ ನೆತ್ತಿಯ ಮೇಲೂ ಒಂದು ಊರಿನ ಹೆಸರು, ಪಾತ್ರದ ಹೆಸರು, ಒಬ್ಬ ಮನುಷ್ಯನ ಹೆಸರು. ಕೆಲವು ಸ್ವರಗಳ ಮೇಲೆ ಗುಣಾಕಾರದ ಗುರುತು. ಹೆಸರುಗಳು ಸಂಗೀತಕ್ಕೆ ಸಂಬಂಧಪಡದವು ಎಂದು ಬಿಟ್ಟೆ. ಗುಣಾಕಾರದ ಗುರುತು ಹೊಡೆದು ಹಾಕಿದ್ದರ ಗುರುತು ಎಂದುಕೊಂಡೆ. ಆರರಲ್ಲಿ ಯಾವುದರಲ್ಲಿ ಕೆಂಪು ಕಡಿಮೆಯೋ ಅದನ್ನು ಆರಿಸಿ, ಉಳಿದ ಕೆಂಪನ್ನು ನಾನೇ ತಿದ್ದಿ, ಅದೇ ಆ ಹಾಡಿನ ಶುದ್ಧ ಪಾಠ ಎಂದು ನಿಶ್ಚಯಿಸಿದೆ. ಹೀಗೆ ಎಲ್ಲ ಹಾಡುಗಳನ್ನೂ ಮಾಡಿದೆ. ಐದನೆಯ ಮತ್ತು ಆರನೆಯ ಪುಸ್ತಕಗಳಲ್ಲಿ ಹೊಸ ಹಾಡು ಒಂದೂ ಇರಲಿಲ್ಲ, ಬರೀ ಹಿಂದಿನವೇ, ಅದೂ ಎಲ್ಲಕ್ಕಿಂತ ಹೆಚ್ಚು ಕೆಂಪಾಗುವಂಥವು. ಮೊದಲ ನಾಲ್ಕೈದು ಪುಟ ಹಾಕಿ ನೋಡಿ ಬೇಸತ್ತು ಆ ಎರಡನ್ನೂ ಪಕ್ಕಕ್ಕಿಟ್ಟೆ. ಉಳಿದ ಐದು ಪುಸ್ತಕಗಳ ಪ್ರತಿ ಪುಟದ ಫೋಟೋ ತೆಗೆದಿಟ್ಟಿದ್ದವನು ಇವೆರಡರದ್ದು ತೆಗೆಯಲಿಲ್ಲ. ಆ ನಾಲ್ಕೈದು ಪುಟದ ಫೈಲನ್ನೂ ಅಳಿಸಿಬಿಟ್ಟೆ.

ಪುಸ್ತಕ ಹಿಂದಿರುಗಿಸಲು ನಾನೇ ಹಳೇಬೀಡಿನ ಬಸ್ಸು ಹತ್ತಿ ಮಾದಿಹಳ್ಳಿಗೆ ಹೋದೆ. ಪುಟ್ಟ ಆರ್‌ಸಿಸಿ ಮನೆ, ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಬಟ್ಟೆ ಹೊದಿಸಿದ ಪೆಟ್ಟಿಗೆ. ಮೇಷ್ಟ್ರು ಮಂಚದಿಂದ ಎದ್ದು ನಿಂತು ಕೈ ಮುಗಿದರು. ನನಗಿಂತ ಮೂವತ್ತು ವರ್ಷ ದೊಡ್ಡವರು. ನಾನೂ ಕೈ ಮುಗಿದೆನೋ, ಬರೀ ತಲೆಯಾಡಿಸಿದೆನೋ ಈಗ ನೆನಪಿಲ್ಲ. ನೆನಪಿಲ್ಲದಿರುವುದೇ ನನ್ನನ್ನು ಕಾಡುತ್ತದೆ.

ಲ್ಯಾಪ್‌ಟಾಪ್ ತೆರೆದು ಕೆಂಪು ಸಾಲುಗಳನ್ನು ತೋರಿಸಿದೆ. "ನೋಡಿ ಮೇಷ್ಟ್ರೇ, ಇಷ್ಟೆಲ್ಲ ಕಡೆ ತಪ್ಪು ಬರೆದಿದ್ದೀರಿ. ಒಂದೇ ಹಾಡು ಒಂದು ಪುಸ್ತಕದಿಂದ ಇನ್ನೊಂದಕ್ಕೆ ತಾಳೆಯಾಗಲ್ಲ. ನಾನೆಲ್ಲ ಸರಿ ಮಾಡಿದ್ದೀನಿ" ಎಂದೆ.

ಅವರು ಪರದೆಯನ್ನು ಬಹಳ ಹೊತ್ತು ನೋಡಿದರು. "ಇರಬೌದು ಸಾಮಿ. ಕೆಂಪಗೆ ಕಾಣ್ತಾ ಐತಲ್ಲ. ನಾವು ಕಿವಿಯಾಗೆ ಕೇಳ್ಕಂಡು ಬರ್ದಿದ್ದು" ಎಂದರು.

"ಈ ಎರಡು ಪುಸ್ತಕ ಬೇಕಾಗೇ ಇಲ್ಲ. ಅವೇ ಹಾಡುಗಳು, ತಪ್ಪು ಇನ್ನೂ ಜಾಸ್ತಿ" ಎಂದು ಐದು, ಆರನ್ನು ಬೇರೆಯಾಗಿ ಕೊಟ್ಟೆ. ಮೇಷ್ಟ್ರು ಅವನ್ನು ತೊಡೆಯ ಮೇಲಿಟ್ಟುಕೊಂಡರು. ಮಗಳು ಕಾಫಿ ತಂದರು. ಕುಡಿದು, ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಊರಿಗೆ ಬಂದೆ. ಮರುದಿನ ಫೈಲುಗಳನ್ನೆಲ್ಲ, ಪರಿಶೀಲಿಸಿ ಶುದ್ಧಪಡಿಸಲಾಗಿದೆ ಎಂಬ ನನ್ನ ಸಹಿಯ ಪತ್ರದೊಂದಿಗೆ ಸಂಸ್ಥೆಗೆ ಕಳಿಸಿದೆ. ಬಹಳ ಅಚ್ಚುಕಟ್ಟಾಗಿದೆ ಎಂದು ಉತ್ತರ ಬಂತು.

ನಾಟಕದ ಪ್ರಾಕ್ಟೀಸು ಮಾದಿಹಳ್ಳಿಯ ಹಾಲಿನ ಡೈರಿಯ ಮಹಡಿಯ ಮೇಲೆ, ಸಂಜೆಯ ಹಾಲು ಅಳೆದಾದ ಮೇಲೆ ನಡೆಯುತ್ತಿತ್ತು. ಮೊದಲ ದಿನ ನನ್ನನ್ನೂ ಕರೆದಿದ್ದರು. ಮೇಷ್ಟ್ರನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಕೀಬೋರ್ಡಿನವರು ನನ್ನ ಪ್ರಿಂಟುಗಳನ್ನು ಮುಂದಿಟ್ಟುಕೊಂಡು, "ಇಷ್ಟು ನೀಟಾಗಿ ಯಾರೂ ಕೊಟ್ಟಿರಲಿಲ್ಲ ಸರ್" ಎಂದರು. ಸೇನಾಪತಿ ಪಾತ್ರ ಡೈರಿ ಸೆಕ್ರೆಟರಿಯದು. ಐವತ್ತು ದಾಟಿದ, ಗಟ್ಟಿ ಮೈಯ ಮನುಷ್ಯ. ಅವರ ತಂದೆಯೂ ಇದೇ ಮೇಷ್ಟ್ರ ಕೈಲಿ ಇದೇ ಪಾತ್ರ ಮಾಡಿದ್ದರಂತೆ.

ಮೊದಲ ಸಾಲು ಹೇಗೋ ಬಂತು. ಎರಡನೆಯ ಸಾಲಿನಲ್ಲಿ ಹಾಡು ಮೇಲಿನ ಷಡ್ಜ ದಾಟಿ ಗಾಂಧಾರಕ್ಕೆ ಏರುತ್ತದೆ. ಅಲ್ಲಿ ಸೆಕ್ರೆಟರಿಯ ದನಿ ಒಡೆಯಿತು. ಮತ್ತೆ ಹಾಡಿದರು, ಮತ್ತೆ ಒಡೆಯಿತು. ಮಂತ್ರಿಯ ಪಾತ್ರದವನು, "ಏನ್ಲಾ, ಕರ ಕಟ್ಟಾಕ್ದಾಗ ಎಮ್ಮೆ ಕೂಗ್ದಂಗೆ ಕೂಗ್ತೀಯಲ್ಲ" ಎಂದ. ಎಲ್ಲರೂ ನಕ್ಕರು. ಕೀಬೋರ್ಡಿನವರು ಶ್ರುತಿಯನ್ನೇ ಸ್ವಲ್ಪ ಇಳಿಸಿದರು. ಆಗ ಸೆಕ್ರೆಟರಿಗೆ ಮೇಲಿನ ಸ್ವರ ಸಿಕ್ಕಿತು, ಆದರೆ ಅದೇ ದೃಶ್ಯದಲ್ಲಿ ಎದುರು ಹಾಡಬೇಕಾದ ರಾಜನ ದನಿ ಕೆಳಗೆ ಹೂತುಹೋಯಿತು. ಶ್ರುತಿ ಮತ್ತೆ ಏರಿಸಿದರು. ಮೂರನೆಯ ಸಲ ಸೆಕ್ರೆಟರಿ ಅರ್ಧಕ್ಕೆ ನಿಲ್ಲಿಸಿದರು.

"ಮೇಷ್ಟ್ರೇ, ನಮ್ಮಪ್ಪಾರು ಹಿಂಗೆ ಹಾಡ್ತಿರ್ಲಿಲ್ಲ. ಅವರ್ದೂ ನನ್ ಥರದ್ದೇ ಗಂಟ್ಲು. ಇದು ಬ್ಯಾರೆ ಹಾಡು" ಎಂದರು.

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ.

"ನನ್ ಪುಸ್ತಕದಾಗೇ ತಪ್ಪಿತ್ತು ಕಣಪ್ಪ" ಎಂದರು ಮೇಷ್ಟ್ರು. "ನಿಮ್ಮಪ್ಪಂಗೂ ತಪ್ಪೇ ಹೇಳ್ಕೊಟ್ಟಿದ್ದೆ ಅಂತ ಕಾಣ್ತದೆ. ಇವರು ಓದಿರೋರು, ಸರಿ ಮಾಡವ್ರೆ. ಹಿಂಗೇ ಕಲ್ತ್ಕ."

ಆಗ ನಾನು ಬಾಯಿ ಬಿಡಬೇಕಿತ್ತು. ಆ ಎರಡನೆಯ ಸಾಲಿನ ಗಾಂಧಾರ ಮೇಷ್ಟ್ರ ಆರು ಪಾಠಗಳಲ್ಲಿ ಐದರಲ್ಲಿ ಇಲ್ಲವೇ ಇಲ್ಲ ಎಂಬುದು ನನಗೆ ಅಷ್ಟು ಹೊತ್ತಿಗೆ ನೆನಪಾಗಿತ್ತು. ಯಂತ್ರಕ್ಕೆ ಒಪ್ಪಿಗೆಯಾಯಿತೆಂದು ನಾನು ಆರಿಸಿಕೊಂಡ ಒಂದರಲ್ಲಿ ಮಾತ್ರ ಇತ್ತು. ಅದನ್ನು ಹೇಳಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಚೀಲ ತೆಗೆದುಕೊಂಡು ಮೆಟ್ಟಿಲಿಳಿದೆ. ಅಭ್ಯಾಸ ಮಾಡಿದರೆ ಬಂದೇ ಬರುತ್ತದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ. ಜಾವಗಲ್ಲು ಬರುವಷ್ಟರಲ್ಲಿ ಆ ಮಾತನ್ನು ನಂಬುವುದು ಕಷ್ಟವಾಗಿತ್ತು.

ಮರುದಿನ ಅಂಗಡಿಯಲ್ಲಿ ಬೇರೆ ಕೆಲಸಗಳನ್ನು ಪಕ್ಕಕ್ಕಿಟ್ಟು, ಉಳಿದಿದ್ದ ಫೋಟೋಗಳಿಂದ ಸೇನಾಪತಿಯ ಹಾಡಿನ ನಾಲ್ಕು ಪಾಠಗಳನ್ನು ಇದ್ದದ್ದು ಇದ್ದ ಹಾಗೆ ಟೈಪು ಮಾಡಿದೆ. ನೆತ್ತಿಯ ಮೇಲಿನ ಹೆಸರುಗಳನ್ನೂ ಗುಣಾಕಾರದ ಗುರುತುಗಳನ್ನೂ ಬಿಡಲಿಲ್ಲ. ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟು ವ್ಯತ್ಯಾಸವಿರುವ ಕಡೆ ಬಣ್ಣ ತೋರಿಸುವ ಸೌಲಭ್ಯ ಕಂಪ್ಯೂಟರಿನಲ್ಲಿದೆ. ನಾಲ್ಕನ್ನೂ ಒಂದಕ್ಕೊಂದು ಹೋಲಿಸಿದೆ. ಎಡವಿ ಬರೆದಿದ್ದರೆ ವ್ಯತ್ಯಾಸ ಎಲ್ಲೆಂದರಲ್ಲಿ ಚೆಲ್ಲಿರಬೇಕಿತ್ತು. ಇಲ್ಲಿ ಹಾಗಿರಲಿಲ್ಲ. ಒಂದು ಹೆಸರಿನ ಪಾಠದಲ್ಲಿ ಮೇಲಿನ ಷಡ್ಜದ ಆಚೆ ಒಂದು ಸ್ವರವೂ ಇಲ್ಲ. ಅದೇ ಹೆಸರು ಬೇರೊಂದು ನಾಟಕದ ಹಾಡಿನ ಮೇಲಿತ್ತು, ಅಲ್ಲಿಯೂ ಇಲ್ಲ. ಇನ್ನೊಂದು ಹೆಸರಿನದರಲ್ಲಿ ಆ ಸೇರದ ನಿಷಾದ ಒಂದು ಸಲವೂ ತಪ್ಪದೆ ಬಂದಿದೆ. ಮತ್ತೊಂದರಲ್ಲಿ ಪ್ರತಿ ಚರಣದ ಅದೇ ಜಾಗದಲ್ಲಿ ಒಂದು ಎಣಿಕೆ ಹೆಚ್ಚು. ಇಷ್ಟು ಶಿಸ್ತಾಗಿ ಯಾರೂ ತಪ್ಪು ಬರೆಯುವುದಿಲ್ಲ.

ಭಾನುವಾರ ಮತ್ತೆ ಮಾದಿಹಳ್ಳಿಗೆ ಹೋದೆ. ಪುಟದ ಫೋಟೋ ದೊಡ್ಡದು ಮಾಡಿ ತೋರಿಸಿ, "ಮೇಷ್ಟ್ರೇ, ಇವರು ಯಾರು?" ಎಂದು ಕೇಳಿದೆ.

"ಇವನಾ" ಎಂದು ಅವರು ಕನ್ನಡಕ ಸರಿಮಾಡಿಕೊಂಡರು. "ಗಂಡಸಿ ಊರ್ನ ಶಿವಣ್ಣ. ದೊಡ್ಡ ತೆಂಗಿನ ತೋಟದೋನು. ಎತ್ರುದ ಆಳು, ವೇಸ ಹಾಕುದ್ರೆ ರಾಜನೂ ಹೆದರ್ಬೇಕು. ಆದ್ರೆ ಮೇಲಿನ ಸ ಹತ್ತಾ ಇರ್ಲಿಲ್ಲ. ಅಲ್ ಗುರುತು ಹಾಕಿವ್ನಿ ನೋಡಿ. ಅಲ್ಲಿ ಅವನು ಹಾಡಂಗಿಲ್ಲ, ಸುಮ್ನೆ ಬಾಯ್ ತಕ್ಕಂಡು ನಿಂತ್ಕಬೇಕು. ಪೆಟ್ಟಿಗೆ ಹೇಳ್ತದೆ. ಜನ ಅವನೇ ಹಾಡ್ದ ಅಂದ್ಕಂಡು ಶಿಳ್ಳೆ ಹಾಕೋರು."

ಹೊಡೆದು ಹಾಕಿದ್ದರ ಗುರುತು ಎಂದು ನಾನು ತಿಳಿದಿದ್ದ ಗುಣಾಕಾರದ ಗುರುತು ಅದು.

ಇನ್ನೊಂದು ಹೆಸರಿನ ಪುಟ ತೆಗೆದೆ. "ಇಲ್ಲಿ ಒಂದು ಎಣಿಕೆ ಜಾಸ್ತಿ ಇದೆಯಲ್ಲ?"

"ಅವನು ಕೊಪ್ಪಲ ಕಡೆಯೋನು. ಅಲ್ಲಿ ಬಂದಾಗ ಕತ್ತಿ ಹಿರಿಯೋನು. ಹಿರೀಬ್ಯಾಡ, ಹಾಡು ಮುಗೀಲಿ ಅಂದ್ರೆ ಕೇಳ್ತಿರ್ಲಿಲ್ಲ. ಹಿರಿಯೋಕೆ ಒಂದು ಏಟು ಬೇಕಲ್ಲ, ತಾಳ ಬಿಟ್ಕೊಟ್ಟೆ."

ಮತ್ತೊಬ್ಬನ ಪುಟದ ನಿಷಾದವನ್ನು ತೋರಿಸಿದೆ. ಅವರು ಸ್ವಲ್ಪ ನಕ್ಕರು. "ಆ ಮಾರಾಯಂಗೆ ಒಂದು ತಿಂಗ್ಳು ಹೇಳ್ಕೊಟ್ಟೆ. ಅವನ ಗಂಟ್ಲಾಗೆ ಅದೇ ನಿ ಬತ್ತಿತ್ತು. ಹೊಲ ಉತ್ತು ಬಂದು ಕೂತ್ಕಂಡು ನಿಷ್ಠೆಯಿಂದ ಹಾಡ್ತಾವ್ನೆ, ಎಷ್ಟು ಅಂತ ಬಯ್ಯದು. ಅವನ್ನ ತಿದ್ದಕಾಗ್ಲಿಲ್ಲ, ಪೆಟ್ಟಿಗೇನೆ ತಿದ್ಕಂಡೆ. ಇಬ್ರೂ ಅದನ್ನೇ ಹೇಳುದ್ರೆ ಕೇಳೋರ್ಗೆ ಅಪಸ್ವರ ಅನ್ಸಲ್ಲ."

ನಾನು ಇಷ್ಟು ದಿನ ಒಂದೇ ಹಾಡಿನ ಆರು ಕೆಟ್ಟ ನಕಲು ಎಂದುಕೊಂಡದ್ದು ಆರು ಜನರ ಗಂಟಲು. ಊರೆಲ್ಲ ಒಂದೇ ಶ್ರುತಿಯಲ್ಲಿ ಹಾಡಬೇಕಾದ ರಂಗದಲ್ಲಿ, ಒಬ್ಬೊಬ್ಬ ಮನುಷ್ಯನ ಮಾನ ಉಳಿಸಲು ಬರೆದ ಸ್ವರಗಳು ಅವು. ಆ ಹೆಸರುಗಳನ್ನು ಅಳಿಸಿ, ಯಾರ ಗಂಟಲಿಗೂ ಹೊಂದದ ಏಳನೆಯ ಹಾಡೊಂದನ್ನು ನಾನು ತಯಾರಿಸಿದ್ದೆ.

"ಮೇಷ್ಟ್ರೇ, ತಪ್ಪು ನನ್ನದು" ಎಂದೆ. "ಆ ಎರಡು ಪುಸ್ತಕ ಕೊಡಿ. ಫೋಟೋ ತೆಗೆದುಕೊಂಡು ಮೊದಲಿಂದ ಬರೀತೀನಿ."

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಗಳು ಹೇಳಿದರು. "ಇಲ್ಲ ಸರ್. ನೀವು ಬಂದು ಹೋದ ಮೂರನೇ ದಿನ ಬಚ್ಚಲ ಒಲೆಗೆ ಹಾಕಿಬಿಟ್ಟರು. ನಾನು ಆಫೀಸಲ್ಲಿದ್ದೆ. ಬಂದು ನೋಡೋ ಹೊತ್ತಿಗೆ ಹಂಡೆ ಕೆಳಗೆ ರಟ್ಟು ಮಾತ್ರ ಇತ್ತು."

"ಇನ್ಯಾಕ್ ಬಿಡಿ" ಎಂದರು ಮೇಷ್ಟ್ರು, ಇನ್ನೂ ಕಿಟಕಿಯ ಕಡೆಗೇ ನೋಡುತ್ತ. "ತಪ್ಪು ಬರ್ದಿರೋದು. ನಾಳೆ ನಾನು ಹೋದ್ಮೇಲೆ ಯಾರಾದ್ರೂ ನೋಡುದ್ರೆ ನಗಾಡ್ತಾರಲ್ಲ ಅಂತ."

ಆ ಪುಸ್ತಕಗಳಲ್ಲಿದ್ದದ್ದು ಅತಿ ಹೆಚ್ಚು ಕೆಂಪು. ಎಂದರೆ ಅತಿ ಕಷ್ಟದ ಗಂಟಲುಗಳಿಗೆ ಮೇಷ್ಟ್ರು ಅತಿ ಹೆಚ್ಚು ದುಡಿದ ಪುಟಗಳು. ಅವು ಉಳಿಯುವುದಿದ್ದರೆ ನನ್ನ ಅಂಗಡಿಯಲ್ಲಿದ್ದ ಆ ವಾರಗಳಲ್ಲೇ ಉಳಿಯಬೇಕಿತ್ತು. ಒಂದೊಂದು ಪುಟದ ಮೇಲೆ ಮೊಬೈಲು ಹಿಡಿದಿದ್ದರೆ ಸಾಕಿತ್ತು.

ಬಸ್ ಸ್ಟಾಪಿನವರೆಗೆ ಮಗಳು ಜೊತೆಗೆ ಬಂದರು. ನಾನು ಕ್ಷಮೆಯ ಮಾತು ಏನೋ ಆಡಿದೆ.

"ನನಗೂ ಪಾಲಿದೆ ಸರ್" ಎಂದರು. "ಸರ್ಟಿಫಿಕೇಟ್ ಇರೋರು ಹೇಳಿದ್ರೆ ಸರಿಯಾಗೇ ಇರುತ್ತೆ ಅಂತ ನಾನೂ ನಂಬಿದೆ. ಅಪ್ಪಂಗೆ ಕಡಿಮೆಯೋರು ಅನ್ನಿಸಿಕೊಳ್ಳೋದು ಹೊಸದಲ್ಲ. ಎಷ್ಟೋ ಊರಲ್ಲಿ ಕಲಿಸಿ ಮುಗಿದ ಮೇಲೆ ಹಾರ್ಮೋನಿಯಂ ಮನೆ ಒಳಗಿಡೋರು, ಇವರಿಗೆ ಜಗಲಿ ಮೇಲೆ ಚಾಪೆ. ಅದನ್ನೆಲ್ಲ ತಡ್ಕೊಂಡಿದ್ರು. ಪುಸ್ತಕ ಮಾತ್ರ ಯಾವತ್ತೂ ಯಾರಿಗೂ ಬಿಟ್ಟುಕೊಟ್ಟಿರ್ಲಿಲ್ಲ."

ನಮ್ಮದು ಗಂಡಸಿಯ ಕಡೆಯ ಜಮೀನುದಾರರ ಮನೆ. ಅಂಥ ಜಗಲಿ ನಮಗೂ ಇತ್ತು.

ಮಾರನೆಯ ದಿನ ಸಂಸ್ಥೆಗೆ ಫೋನು ಮಾಡಿ, ನಾನು ಕಳಿಸಿದ್ದೆಲ್ಲ ತಪ್ಪು, ತೆಗೆದುಹಾಕಿ ಎಂದೆ. ಅಲ್ಲಿನ ಅಧಿಕಾರಿಗೆ ಅರ್ಥವಾಗಲಿಲ್ಲ.

"ಶುದ್ಧ ಮಾಡಿದ್ದೀನಿ ಅಂತ ನೀವೇ ಸಹಿ ಹಾಕಿದ್ದೀರಲ್ರೀ."

"ಹೌದು. ಆ ಸಹಿಯೇ ತಪ್ಪು."

"ನಮ್ಮಲ್ಲಿ ಒಂದು ಹಾಡಿಗೆ ಒಂದು ಫೈಲು. ಬೇರೆ ಪಾಠ ಇದ್ರೆ ಕೊನೇಲಿ ಷರಾ ಅಂತ ಒಂದು ಸಾಲಿದೆ, ಅದರಲ್ಲಿ ಬರೀರಿ."

ಆರು ಜನರನ್ನು ಒಂದು ಷರಾದಲ್ಲಿ ಬರೆಯಲಾಗುವುದಿಲ್ಲ ಎಂದೆ. ಮೂರು ಪತ್ರ ಬರೆದ ಮೇಲೆ, ಒಬ್ಬೊಬ್ಬ ಹಾಡುಗಾರನ ಹೆಸರಿಗೆ ಒಂದೊಂದು ಫೈಲು ಇಡಲು ಒಪ್ಪಿದರು. ಹಳೆಯದನ್ನೂ ತೆಗೆದರು. ಆಮೇಲೆ ಅವರಿಂದ ನನಗೆ ಬೇರೆ ಕೆಲಸ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಡೈರಿಯ ಮಹಡಿಯ ಮೇಲೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಎಲ್ಲರೂ ಕೂತಿರುವಾಗ, ಮೇಷ್ಟ್ರ ಪುಸ್ತಕದಲ್ಲಿ ತಪ್ಪಿರಲಿಲ್ಲ, ನಾನು ತಿಳಿಯದೆ ತಿದ್ದಿದೆ, ಅವತ್ತು ಗೊತ್ತಾದ ಮೇಲೂ ಸುಮ್ಮನಿದ್ದೆ ಎಂದೆ. ಯಾರೂ ನಗಲಿಲ್ಲ. ಡೈರಿ ಸೆಕ್ರೆಟರಿ ಮಾತ್ರ, "ಅವತ್ತೇ ಹೇಳ್ಬೌದಿತ್ತಲ್ಲ ಸಾ. ಒಂದು ವಾರದಿಂದ ಹಾಲ್ ಹಾಕೋಕ್ ಬಂದೋರೆಲ್ಲ ನನ್ನ ಆಡ್ಕಂತಾವ್ರೆ" ಎಂದರು. ಜೋರಾಗಿ ಹೇಳಲಿಲ್ಲ.

ಮೇಷ್ಟ್ರು ಸೆಕ್ರೆಟರಿಯನ್ನು ಎದುರಿಗೆ ಕೂರಿಸಿಕೊಂಡು ಸ್ವರಗಳನ್ನು ಮೇಲಕ್ಕೆ ಹಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. "ನಿಂಗೆ ಮೇಲಿನ ರಿ ವರ್ಗೂ ಐತೆ. ಗ ಕೇಳ್ಬ್ಯಾಡ, ಅದನ್ನ ಪೆಟ್ಟಿಗೆ ಹೇಳ್ತದೆ. ರಿ ಮ್ಯಾಲೂ ಬಾಳ ಹೊತ್ತು ನಿಂತ್ಕಬ್ಯಾಡ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಬರ್ಕಳಿ" ಎಂದರು. ಊರು ಮಾದಿಹಳ್ಳಿ, ಪಾತ್ರ ಸೇನಾಪತಿ, ಕೆಳಗೆ ಸೆಕ್ರೆಟರಿಯ ಹೆಸರು. ಅವರು ಹೇಳಿದ್ದನ್ನು ಹೇಳಿದ ಹಾಗೆ ಟೈಪು ಮಾಡಿದೆ. ಎರಡನೆಯ ಸಾಲು ಪರದೆಯ ಮೇಲೆ ಕೆಂಪಾಯಿತು. ಆ ಪ್ರೋಗ್ರಾಮನ್ನು ಮುಚ್ಚಿದೆ.

ನಾಟಕ ಹೈಸ್ಕೂಲಿನ ಬಯಲಿನಲ್ಲಿ ನಡೆಯಿತು. ಸೆಕ್ರೆಟರಿ ಎರಡನೆಯ ಸಾಲಿನಲ್ಲಿ ಬಾಯಿ ತೆರೆದು ನಿಂತರು, ಗಾಂಧಾರವನ್ನು ಕೀಬೋರ್ಡು ಹೇಳಿತು. ಜನ ಶಿಳ್ಳೆ ಹಾಕಿದರು. ಮೇಷ್ಟ್ರು ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕೂತಿದ್ದರು. ನಾನು ಹಿಂದೆ, ಬೈಕುಗಳು ನಿಂತಿದ್ದ ಕಡೆ ನಿಂತು ನೋಡಿದೆ.

ಆಮೇಲೆ ಸುಟ್ಟ ಪುಸ್ತಕಗಳ ಕೆಲಸ ಉಳಿಯಿತು. ಭಾನುವಾರಗಳಲ್ಲಿ ಮೇಷ್ಟ್ರ ಮಂಚದ ಪಕ್ಕ ಕೂತು, ಅವರ ನೆನಪಿನಿಂದ ಎಷ್ಟು ಸಿಕ್ಕಿದರೆ ಅಷ್ಟು ಬರೆದುಕೊಳ್ಳತೊಡಗಿದೆ. ಮನುಷ್ಯರು ಒಬ್ಬರೂ ಮರೆತಿರಲಿಲ್ಲ. ಯಾರಿಗೆ ಉಸಿರು ಸಾಲದು, ಯಾರು ರಂಗದ ಮೇಲೆ ಅಳುತ್ತಿದ್ದ, ಯಾರ ಹೆಂಡತಿ ಪ್ರಾಕ್ಟೀಸಿಗೆ ಬುತ್ತಿ ಕಳಿಸುತ್ತಿದ್ದಳು, ಎಲ್ಲ ಹೇಳುತ್ತಿದ್ದರು. ಆದರೆ ಸ್ವರ ಕೇಳಿದರೆ ತಡವರಿಸುತ್ತಿದ್ದರು. ನಾಲ್ಕು ಹಾಡು ಪೂರ್ತಿ ಸಿಕ್ಕವು, ಒಂದೆರಡು ಅರ್ಧ. "ಅದಕ್ಕೇ ಅಲ್ವಾ ಬರ್ದಿಟ್ಟಿದ್ದು" ಎಂದರು ಒಂದು ಸಲ. ನನ್ನನ್ನು ಚುಚ್ಚಲು ಹೇಳಿದ್ದಲ್ಲ ಅದು. ಸುಮ್ಮನೆ ಇದ್ದ ವಿಷಯ ಹೇಳಿದ್ದು.

ಸ್ವರ ಸಿಗದವರ ಹೆಸರಿಗೂ ಒಂದೊಂದು ಫೈಲು ಮಾಡೋಣ ಎಂದು ನಿರ್ಧರಿಸಿದೆವು. ಊರು, ಪಾತ್ರ, ಹೆಸರು, ಕೆಳಗೆ ಸ್ವರದ ಸಾಲು ಖಾಲಿ. ಖಾಲಿ ಏಕೆ ಎಂದು ಷರಾದಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಯಂತ್ರ ಅಂಥ ಫೈಲನ್ನು ತೆಗೆದುಕೊಳ್ಳುವುದಿಲ್ಲ. ಮೂಲ ಪುಸ್ತಕ ಲಭ್ಯವಿಲ್ಲ ಎಂದು ಬರೆದೆ.

ಪಕ್ಕದಲ್ಲಿ ಅವರೆಕಾಳು ಬಿಡಿಸುತ್ತಿದ್ದ ಮಗಳು ಪರದೆ ನೋಡಿ, "ಲಭ್ಯವಿಲ್ಲ ಅನ್ನೋದು ನಮ್ಮ ಆಫೀಸಿನ ಮಾತು ಸರ್. ಕಡತ ಕಳೆದೋರು ಬರೆಯೋದು" ಎಂದರು.

ಅಳಿಸಿ, ಪುಸ್ತಕ ಸುಟ್ಟುಹೋಗಿದೆ ಎಂದು ಬರೆದೆ.

"ತಾನಾಗೇ ಸುಟ್ಟುಹೋಯ್ತಾ?" ಎಂದರು ಆಕೆ. ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ಹಾಕಿ, "ಯಾರು ಸುಟ್ಟಿದ್ದು ಅಂತ ಬರೀಬೇಡಿ. ಯಾಕೆ ಸುಟ್ಟಿದ್ದು ಅಂತ ಬರೀರಿ" ಎಂದರು.

ಅದನ್ನೂ ಅಳಿಸಿದೆ. ಮೂಲ ಪುಸ್ತಕದಲ್ಲಿ ತಪ್ಪಿದೆ, ಅದು ಬೇಡ ಎಂದು ಈ ಫೈಲು ಬರೆದವನು ಹೇಳಿದ್ದರಿಂದ ಅದು ನಾಶವಾಯಿತು, ಅದರಲ್ಲಿ ತಪ್ಪಿರಲಿಲ್ಲ ಎಂದು ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಏನು ಬರೆದಿರಿ ಎಂದು ಮೇಷ್ಟ್ರು ಕೇಳಿದರು. ಓದಿ ಹೇಳಿದೆ. ಅವರು ಹೊದಿಕೆಯ ಅಂಚನ್ನು ಬೆರಳಿನಲ್ಲಿ ಮಡಚಿದರು, ಬಿಚ್ಚಿದರು. ಆಮೇಲೆ, "ಮುಂದಿನ ಹೆಸ್ರು ಬರ್ಕಳಿ" ಎಂದು ಹೇಳಿದರು.

ಅವರು ಹೇಳುತ್ತ ಹೋದರು, ನಾನು ಒಬ್ಬೊಬ್ಬರಿಗೆ ಫೈಲು ತೆರೆಯುತ್ತ ಹೋದೆ. ಆ ಷರಾವನ್ನು ಒಮ್ಮೆ ಬರೆದು ಉಳಿದ ಕಡೆಗೆಲ್ಲ ನಕಲು ಮಾಡಿ ಅಂಟಿಸಿದ್ದರೆ ಒಂದು ಕ್ಷಣದ ಕೆಲಸ. ಹಾಗೆ ಮಾಡಲಿಲ್ಲ. ಪ್ರತಿ ಹೆಸರಿನ ಕೆಳಗೂ ಮೊದಲ ಅಕ್ಷರದಿಂದ ಟೈಪು ಮಾಡಿದೆ.